ಮೃದಂಗವೂ ಅದನ್ನು ಕಟ್ಟುವ ಕೈಯೂ



ಹಲವು ತಲೆಮಾರುಗಳನ್ನು ಕಂಡ ಮೃದಂಗವು ಮನೆಯಲ್ಲಿದ್ದರೆ ಅದನ್ನು ಪೂರ್ವಿಕರ ಒಡವೆಯೆಂದು ಮನ್ನಿಸುವುದು ವಾಡಿಕೆ. ಆದರೆ ಆ ವಾದ್ಯದಲ್ಲಿ ನಿಜವಾಗಿ ಹಳೆಯದಾದುದು ಯಾವುದು? ಹಲಸಿನ ಕೊರಡನ್ನು ಕೊರೆದು ಮಾಡಿದ ಒಡಲು ಮಾತ್ರವೇ. ಎರಡು ಬಾಯಿಗಳನ್ನು ಮುಚ್ಚಿದ ಚರ್ಮದ ಮುಚ್ಚಿಗೆಗಳು ನುಡಿಸಿದಂತೆಲ್ಲ ಸವೆಯುವುವು. ಅವನ್ನು ಬಿಗಿದ ಬಾರುಗಳು ಸಡಿಲುವುವು. ಇವನ್ನು ಮತ್ತೆ ಮತ್ತೆ ಹೊಸದಾಗಿ ಕಟ್ಟಬೇಕಾಗುವುದು. ಆದುದರಿಂದ ಮರವನ್ನು ಕಾಪಾಡಿದ ಮಾತ್ರಕ್ಕೆ ವಾದ್ಯವನ್ನು ಕಾಪಾಡಿದಂತಾಗದು.

ಈ ಕಟ್ಟುವಿಕೆಯು ಸಾಮಾನ್ಯವಾದ ಕೆಲಸವಲ್ಲ. ಹಸು, ಆಡು, ಎಮ್ಮೆಗಳ ಚರ್ಮಗಳಲ್ಲಿ ಯಾವುದು ಎಲ್ಲಿಗೆ ಸಲ್ಲುವುದೆಂಬುದನ್ನು ಕುಶಲನು ಬೆರಳಿನಿಂದ ಮುಟ್ಟಿಯೇ ಅರಿಯುವನು. ಬಲಮುಖದ ನಡುವೆ ಕರಿಕಲ್ಲಿನ ಪುಡಿಯನ್ನು ಅನ್ನದೊಡನೆ ಅರೆದು, ಪದರದ ಮೇಲೆ ಪದರವಾಗಿ ಹಚ್ಚಿ, ಒಂದೊಂದನ್ನೂ ಕಲ್ಲಿನಿಂದ ಉಜ್ಜಿ, ಕರಣೆಯೆಂಬ ಕಪ್ಪು ಬೊಟ್ಟನ್ನು ಬೆಳೆಯಿಸುವನು. ಎಡಮುಖಕ್ಕಾದರೋ ನುಡಿಸುವ ಮುನ್ನ ರವೆಯ ಕಣಕವನ್ನು ಮೆತ್ತುವರು. ಅಂಚಿನ ಹೆಣಿಗೆಯನ್ನು ಮೇಲಿನಿಂದ ತಟ್ಟಿದರೆ ಬಿಗಿತವು ಹೆಚ್ಚಿ ಶ್ರುತಿಯು ಏರುವುದು. ಕೆಳಗಿನಿಂದ ತಟ್ಟಿದರೆ ಇಳಿಯುವುದು.

ಸಾಧಾರಣವಾದ ಚರ್ಮವಾದ್ಯವು ಹೊರಡಿಸುವ ಉಪಸ್ವರಗಳು ಒಂದಕ್ಕೊಂದು ಹೊಂದಿಕೊಳ್ಳವು. ಆದಕಾರಣ ಅದರಲ್ಲಿ ಸದ್ದುಂಟೇ ಹೊರತು ಸ್ವರವು ಸ್ಪಷ್ಟವಾಗದು. ಮೃದಂಗದಲ್ಲಿಯಾದರೋ ಅವು 1, 2, 3, 4, 5 ಎಂಬ ಕ್ರಮದಲ್ಲಿ, ತಂತಿವಾದ್ಯದಲ್ಲಿರುವಂತೆಯೇ, ಹೊಂದಿ ಬರುವುವು. ಕರಣೆಯ ಭಾರವೇ ಇದಕ್ಕೆ ಮುಖ್ಯಕಾರಣ. ಕಲ್ಕತ್ತೆಯಲ್ಲಿದ್ದ ಸಿ. ವಿ. ರಾಮನ್ನರು ಸಹಕಾರಿಯಾದ ಶಿವಕಾಳಿ ಕುಮಾರರೊಡನೆ ಈ ವಿಶೇಷವನ್ನು 1920ರಲ್ಲಿ 'ನೇಚರ್' ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ವಿಜ್ಞಾನವು ಲೆಕ್ಕಹಾಕಿ ಕಂಡುದನ್ನು ಹೆಸರಿಲ್ಲದ ಕೈಗಳು ಅದಕ್ಕಿಂತ ಬಹುಹಿಂದೆಯೇ ಸಾಧಿಸಿದ್ದುವು.

ಆ ಕೈಗಳಿಗೆ ಸಂದ ಮರ್ಯಾದೆಯೇನು? ನಾದವು ದೇವಾಲಯದೊಳಕ್ಕೆ ಹೋಯಿತು. ಚರ್ಮವನ್ನು ಹದಮಾಡಿದವನು ಹೊರಗೆ ನಿಂತನು. ತಮಿಳುನಾಡಿನಲ್ಲಿ ಈ ಕಸುಬನ್ನು ಹೊತ್ತವರಲ್ಲಿ ದಲಿತ ಕ್ರೈಸ್ತ ಮನೆತನಗಳು ಬಹಳ. ಅವರ ಬಾಳನ್ನು ಗಾಯಕರಾದ ಟಿ. ಎಂ. ಕೃಷ್ಣ ಅವರು 2020ರಲ್ಲಿ 'ಸೆಬಾಸ್ಟಿಯನ್ ಆ್ಯಂಡ್ ಸನ್ಸ್' ಎಂಬ ಗ್ರಂಥದಲ್ಲಿ ನಿರೂಪಿಸಿರುವರು. ಈಗ ಬಾರಿನ ಬದಲು ತಿರುಪುಗಳನ್ನು, ಮರದ ಬದಲು ಫೈಬರನ್ನು ಬಳಸಿದ ಮೃದಂಗಗಳೂ ಬಂದಿವೆ. ಅದರಿಂದ ವಾದಕನಿಗೆ ಅನುಕೂಲವುಂಟು. ಆದರೆ ಕಟ್ಟುವವನ ವಿದ್ಯೆಯನ್ನು ಕಲಿಯುವವರು ಕಡಮೆಯಾದರೆ ಆ ನಷ್ಟವನ್ನು ಯಾವ ತಿರುಪೂ ತುಂಬಲಾರದು.

ಆದಕಾರಣ ಉತ್ಸವಗಳಲ್ಲಿ ವಿದ್ವಾಂಸರಿಗೆ ಶಾಲು ಹೊದಿಸುವವರು ವಾದ್ಯವನ್ನು ಕಟ್ಟಿದವನನ್ನೂ ಅದೇ ವೇದಿಕೆಗೆ ಬರಮಾಡಿಕೊಳ್ಳಲಿ. ತನ್ನ ಮಕ್ಕಳಿಗೆ ಈ ಕಾಯಕವನ್ನು ಕಲಿಸಲು ಮನಸ್ಸು ಬರುವಷ್ಟು ಕೂಲಿಯು ಅವನಿಗೆ ದೊರೆಯಲಿ. ಹಳೆಯ ಮೃದಂಗವನ್ನು ಗೌರವಿಸುವ ಸರಿಯಾದ ದಾರಿಯು ಇದೇ.