ದಾರಿಯಲ್ಲಿ ಕೈಕೊಡುವ ತಂಪು

ಹಲಸೂರಿನಿಂದ ಹಳೆಯ ಮದ್ರಾಸು ರಸ್ತೆ ಹಿಡಿದು ಪೂರ್ವಾಭಿಮುಖವಾಗಿ ಕಾರಿನಲ್ಲಿ ಹೊರಟವರಿಗೆ ಒಂದು ವಿಚಿತ್ರವಾದ ಅನುಭವವಾಗುವುದುಂಟು. ಮನೆಯ ಮುಂದೆ ಹತ್ತಿದಾಗ ಕಾರಿನ ಏಸಿ ಮೈ ನಡುಗಿಸುವಷ್ಟು ತಂಪು ಕೊಡುತ್ತದೆ. ಹೊಸಕೋಟೆ ದಾಟಿತು, ಕೋಲಾರ ದಾಟಿತು, ಯಾವ ತಕರಾರೂ ಇಲ್ಲ. ಮುಳಬಾಗಿಲು ಹಿಂದೆ ಬಿದ್ದು, ಪಲಮನೇರಿನಾಚೆಯ ಘಟ್ಟ ಇಳಿದು ಚಿತ್ತೂರಿನ ಬಿಸಿಲು ಎದುರಾಗುವ ಹೊತ್ತಿಗೆ, ಅಂದರೆ ತಂಪು ನಿಜವಾಗಿ ಬೇಕಾದ ಹೊತ್ತಿಗೇ, ಅದು ಕೈಕೊಡುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಮೇಲಿದೆ. ಚಿತ್ತೂರು ಸುಮಾರು 300. ಊರಿನೊಳಗೆ ಅರ್ಧ ಗಂಟೆ ಓಡಾಡುವವರಿಗೆ ಈ ದೋಷ ಕಾಣಿಸಿಕೊಳ್ಳುವುದೇ ಇಲ್ಲ.

ಮಾರನೆಯ ವಾರ ಕಾರನ್ನು ದುರಸ್ತಿಗೆ ಒಯ್ದರೆ ಇನ್ನೊಂದು ತಮಾಷೆ. ಮೆಕ್ಯಾನಿಕ್ಕು ಹತ್ತು ನಿಮಿಷ ಎಂಜಿನ್ ಓಡಿಸಿ ನೋಡುತ್ತಾನೆ. ಇನ್‌ಸ್ಪೆಕ್ಟರು ಶಾಲೆಗೆ ಬಂದ ದಿನ ಕೈಕಟ್ಟಿ ಕುಳಿತ ತುಂಟ ಹುಡುಗನಂತೆ ಏಸಿ ಸಾಧುವಾಗಿ ಕೆಲಸ ಮಾಡುತ್ತದೆ. “ಗ್ಯಾಸ್ ಕಡಮೆಯಾಗಿರಬೇಕು” ಎಂದು ಗ್ಯಾಸ್ ತುಂಬಿಸಿ ಕಳುಹಿಸುತ್ತಾನೆ. ನಮ್ಮ ಬೀದಿಯ ಗೃಹಸ್ಥರೊಬ್ಬರು ಒಂದೇ ಬೇಸಗೆಯಲ್ಲಿ ಹೀಗೆ ಎರಡು ಸಲ ಗ್ಯಾಸ್ ತುಂಬಿಸಿದರು; ವೃದ್ಧೆಯಾದ ತಾಯಿಯವರನ್ನು ಕರೆದುಕೊಂಡು ತಿರುಪತಿಗೆ ಎರಡು ಸಲವೂ ಬೆವರುತ್ತಲೇ ಹೋಗಿಬಂದರು. ಮೆಕ್ಯಾನಿಕ್ಕು ಮೋಸಗಾರನೆಂದು ನಾನು ಹೇಳುವುದಿಲ್ಲ. ದೋಷ ಇರುವುದು ನೂರು ಕಿಲೋಮೀಟರಿನಾಚೆ. ಅವನು ನೋಡುವುದು ಹತ್ತು ನಿಮಿಷ. ಈ ಅಂತರವನ್ನು ತುಂಬಬೇಕಾದವರು ಕಾರಿನೊಳಗೆ ಕುಳಿತ ನಾವು.

ಏಸಿಯ ತತ್ತ್ವ ನಮ್ಮ ಮಣ್ಣಿನ ಹೂಜಿಯದೇ. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಕಾರಿನಲ್ಲಿ ನೀರಿನ ಬದಲು ಒಂದು ದ್ರವ. ಬಹುಕಾಲದಿಂದ ಬಳಕೆಯಲ್ಲಿರುವ ಆರ್-134ಎ ಎಂಬುದು ಸಾಮಾನ್ಯ ಒತ್ತಡದಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ. ಡ್ಯಾಷ್‌ಬೋರ್ಡಿನ ಹಿಂದಿರುವ ಸುರುಳಿಯಲ್ಲಿ, ಮೆಕ್ಯಾನಿಕ್ಕುಗಳು ಕೂಲಿಂಗ್ ಕಾಯಿಲ್ ಎನ್ನುವುದರಲ್ಲಿ, ಅದು ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರು ಆ ಆವಿಯನ್ನು ಒತ್ತಿ ಕಳುಹಿಸುತ್ತದೆ. ಮುಂಭಾಗದ ಕಂಡೆನ್ಸರಿನಲ್ಲಿ ಅದು ಶಾಖವನ್ನು ಹೊರಗೆ ಚೆಲ್ಲಿ ಮತ್ತೆ ದ್ರವವಾಗುತ್ತದೆ. ಹೂಜಿಯ ನೀರು ಖರ್ಚಾಗುತ್ತದೆ, ಈ ಗ್ಯಾಸ್ ಖರ್ಚಾಗುವುದಿಲ್ಲ. ಕಡಮೆಯಾಗಿದ್ದರೆ ಎಲ್ಲಿಯೋ ಸೋರಿದೆ ಎಂದೇ ಅರ್ಥ. ಸೋರುವ ತಾಣವನ್ನು ಹುಡುಕದೆ ತುಂಬಿಸುವುದು ತೂತಿನ ಕೊಡಕ್ಕೆ ನೀರು ಹೊತ್ತಂತೆ.

ತಂಪು ನಿಂತಾಗ ಮೊದಲು ಗಮನಿಸಬೇಕಾದ್ದು ಒಂದೇ: ಕಿಂಡಿಯಿಂದ ಗಾಳಿ ಬರುತ್ತಿದೆಯೆ, ಇಲ್ಲವೆ? ಕೈಯೊಡ್ಡಿ ನೋಡಿ. ಫ್ಯಾನಿನ ಸದ್ದು ಮೊದಲಿನಷ್ಟೇ ಇದ್ದು ಗಾಳಿ ಮಾತ್ರ ಕ್ಷೀಣವಾಗಿದ್ದರೆ, ಸುರುಳಿಯ ಮೇಲೆ ಮಂಜುಗಡ್ಡೆ ಕಟ್ಟಿದೆ ಎಂದು ಶಂಕಿಸಬೇಕು. ಅತಿ ತಂಪಿನಿಂದಲೇ ಸೆಖೆ! ಗಾಳಿಯಲ್ಲಿರುವ ತೇವ ಸುರುಳಿಯ ಮೇಲೆ ನೀರಾಗಿ ಇಳಿದು ತೊಟ್ಟಿಕ್ಕಬೇಕು. ಸುರುಳಿ ಸೊನ್ನೆ ಡಿಗ್ರಿಗೆ ಸಮೀಪಿಸಿದೊಡನೆ ಒಂದು ಪುಟ್ಟ ಸಂವೇದಕ ಕಂಪ್ರೆಸರನ್ನು ನಿಲ್ಲಿಸಬೇಕು. ಆ ಸಂವೇದಕ ಕೆಟ್ಟರೆ, ಅಥವಾ ತನ್ನ ಜಾಗದಿಂದ ಜಾರಿದರೆ, ಕಂಪ್ರೆಸರಿಗೆ ವಿಶ್ರಾಂತಿಯೇ ಇಲ್ಲ. ಇಳಿದ ನೀರು ಹೆಪ್ಪುಗಟ್ಟುತ್ತಾ ಗಂಟೆಯೆರಡು ಗಂಟೆಯಲ್ಲಿ ಗಾಳಿಯ ದಾರಿಯನ್ನೇ ಮುಚ್ಚುತ್ತದೆ. ಧೂಳು ಕಟ್ಟಿದ ಫಿಲ್ಟರಿನಿಂದ ಗಾಳಿ ಕಡಮೆಯಾದಾಗಲೂ ಹೀಗಾಗುವುದುಂಟು. ಗ್ಯಾಸ್ ಸ್ವಲ್ಪ ಸೋರಿದಾಗಲೂ ಆಗಬಹುದು.

ಪರೀಕ್ಷೆ ಸುಲಭ. ಏಸಿಯ ಗುಂಡಿಯನ್ನು ಆರಿಸಿ, ಫ್ಯಾನನ್ನು ಪೂರ್ಣ ವೇಗದಲ್ಲಿಟ್ಟು ಹದಿನೈದು ನಿಮಿಷ ಓಡಿಸಿ. ಗಾಳಿ ಮರಳಿ ಜೋರಾಗಿ, ಕಾರಿನಡಿ ಎಂದಿಗಿಂತ ಹೆಚ್ಚು ನೀರು ಸುರಿದರೆ, ರೋಗ ಸಿಕ್ಕಿತು. ಮೇಲೆ ಹೇಳಿದ ಗೃಹಸ್ಥರ ಕಾರಿನಲ್ಲಿ ಆದದ್ದು ಇದೇ. ಗ್ಲೌ ಬಾಕ್ಸಿನ ಹಿಂದಿನ ಫಿಲ್ಟರನ್ನು ಕೊಂಡಂದಿನಿಂದ ಯಾರೂ ತೆಗೆದು ನೋಡಿರಲಿಲ್ಲ. ಅದರಲ್ಲಿ ಒಣಗಿದ ಎಲೆ, ಧೂಳು, ಒಂದು ಜಿರಲೆಯ ರೆಕ್ಕೆ. ಹೊಸ ಫಿಲ್ಟರಿನ ಬೆಲೆ ಅವರು ಗ್ಯಾಸಿಗೆ ತೆತ್ತ ಹಣದ ಒಂದು ಸಣ್ಣ ಪಾಲು.

ಇನ್ನು, ಗಾಳಿ ಜೋರಾಗಿಯೇ ಬರುತ್ತಿದೆ, ಆದರೆ ಬಿಸಿ ಎನ್ನುವುದಾದರೆ ದೋಷ ಬೇರೆ. ಅನೇಕ ಕಾರುಗಳಲ್ಲಿ ಕಂಪ್ರೆಸರನ್ನು ಎಂಜಿನ್ನಿನ ಬೆಲ್ಟಿಗೆ ಜೋಡಿಸುವುದು, ಬಿಡಿಸುವುದು ವಿದ್ಯುತ್ಕಾಂತದ ಕ್ಲಚ್ಚು. 1939ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿ ಮೊದಲ ಬಾರಿಗೆ ಏಸಿಯುಳ್ಳ ಕಾರನ್ನು ತೋರಿಸಿದಾಗ ಈ ಕ್ಲಚ್ಚು ಇರಲಿಲ್ಲ. ಏಸಿ ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ, ಇಳಿದು, ಬಾನೆಟ್ಟು ತೆರೆದು ಬೆಲ್ಟನ್ನೇ ಕಳಚಬೇಕಾಗಿತ್ತಂತೆ. ಕ್ಲಚ್ಚಿನ ತಟ್ಟೆಗೂ ಚಕ್ರಕ್ಕೂ ನಡುವಿನ ಎಡೆ ಅರ್ಧ ಮಿಲಿಮೀಟರಿನ ಆಸುಪಾಸು. ಸವೆದಂತೆ ಅದು ಹಿಗ್ಗುತ್ತದೆ. ಕಾದಾಗ ಸುರುಳಿತಂತಿಯ ಆಕರ್ಷಣೆ ಕುಗ್ಗುತ್ತದೆ. ತಣ್ಣಗಿದ್ದಾಗ ಹಿಡಿಯುವ ಕ್ಲಚ್ಚು ಕಾದ ಮೇಲೆ ಹಿಡಿಯುವುದಿಲ್ಲ. ಊಟಕ್ಕೆಂದು ಒಂದು ಗಂಟೆ ನಿಲ್ಲಿಸಿ ಹೊರಟರೆ ಮತ್ತೆ ತಂಪು. ಎಡೆಯನ್ನು ಸರಿಪಡಿಸುವುದು ಎಷ್ಟೋ ಸಲ ಸಣ್ಣ ಕೆಲಸ. ಇಡೀ ಕಂಪ್ರೆಸರು ಬದಲಾಯಿಸಬೇಕೆಂದು ಹೇಳಿದವರನ್ನು, ಎಡೆ ಅಳೆದು ನೋಡಿದಿರಾ ಎಂದು ಒಂದು ಮಾತು ಕೇಳಿ.

ಇದಕ್ಕೆ ತದ್ವಿರುದ್ಧವಾದದ್ದೂ ಒಂದಿದೆ. ಟಿನ್ ಫ್ಯಾಕ್ಟರಿಯ ಬಳಿ, ಕೃಷ್ಣರಾಜಪುರದ ತೂಗುಸೇತುವೆಯ ಬುಡದಲ್ಲಿ ವಾಹನಗಳ ನಡುವೆ ಸಿಕ್ಕಿಬಿದ್ದಾಗ ಬಿಸಿ, ಹೊಸಕೋಟೆ ದಾಟಿ ವೇಗ ಹಿಡಿದಾಗ ತಂಪು. ಅಲ್ಲಿ ದೋಷ ಕಂಡೆನ್ಸರಿನದು, ಅಥವಾ ಅದರ ಫ್ಯಾನಿನದು. ಓಡುವ ಗಾಳಿ ಫ್ಯಾನಿನ ಕೆಲಸವನ್ನು ತಾನೇ ಮಾಡಿಕೊಡುತ್ತದೆ. ಎಂಜಿನ್ನಿನ ಶಾಖದ ಮುಳ್ಳು ಮೇಲೇರಿದ್ದರಂತೂ ಏಸಿಯ ಯೋಚನೆ ಬಿಟ್ಟು ಕಾರನ್ನು ನಿಲ್ಲಿಸಬೇಕು. ರೇಡಿಯೇಟರಿನ ಮುಚ್ಚಳವನ್ನು ಕಾದಿರುವಾಗ ಮುಟ್ಟಬಾರದು.

ದಾರಿಯಲ್ಲಿ ಏಸಿ ನಿಂತರೆ, ಜೊತೆಯಲ್ಲಿ ವೃದ್ಧರೋ ಹಸುಗೂಸೋ ಇದ್ದರೆ, ಮುಂದಿನ ಊರು ಬರಲಿ ಎಂದು ಗಾಜು ಮುಚ್ಚಿಕೊಂಡೇ ಓಡಿಸುವುದು ಸಲ್ಲದು. ಗಾಜು ಇಳಿಸಿ, ನೆರಳು ಕಂಡಲ್ಲಿ ನಿಲ್ಲಿಸಿ, ನೀರು ಕುಡಿಸಿ. ಅನಂತರ ಒಂದು ಚೀಟಿಯಲ್ಲಿ ಬರೆದಿಡಿ: ಹೊರಟು ಎಷ್ಟು ಹೊತ್ತಾಗಿತ್ತು, ಗಾಳಿ ಕುಗ್ಗಿತೆ, ಬಿಸಿಯಾಯಿತೆ, ಎಷ್ಟು ಹೊತ್ತು ನಿಲ್ಲಿಸಿದ ಮೇಲೆ ಸರಿಹೋಯಿತು. ಆಮೇಲೆ ಕಾರನ್ನು ಮನೆಯಿಂದ ನೇರವಾಗಿ ಶಿವಾಜಿನಗರದ ಮೆಕ್ಯಾನಿಕ್ಕಿನ ಬಳಿಗೆ ಒಯ್ಯಬೇಡಿ. ಒಂದು ಮುಂಜಾನೆ ಕೋಲಾರದವರೆಗೆ ಹೋಗಿ, ಏಸಿ ಆರಿಸದೆ ಹಿಂದಿರುಗಿ, ಎಂಜಿನ್ ಓಡುತ್ತಿರುವಂತೆಯೇ ಅಂಗಡಿಯ ಮುಂದೆ ನಿಲ್ಲಿಸಿ, ಚೀಟಿಯನ್ನು ಅವನ ಕೈಗೆ ಕೊಡಿ.