ಮರ ಹತ್ತುವವರ ಮಂಡಿ ಮತ್ತು ನೀ ಕ್ಯಾಪಿನ ಆಯ್ಕೆ



ಹಂದನಕೆರೆ ಹೋಬಳಿಯೂ ಅದರ ಸುತ್ತಲಿನ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ತಾಲ್ಲೂಕುಗಳೂ ತೆಂಗಿನ ಸೀಮೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಇಲ್ಲಿನ ತೋಟಗಳಲ್ಲಿ ಹೆಚ್ಚಾಗಿರುವುದು ಎತ್ತರ ತಳಿಯ ಮರಗಳು. ವಯಸ್ಸಾದ ಮರ 50-60 ಅಡಿಯವರೆಗೂ ಏರುತ್ತದೆ. ಮರಕ್ಕೆ ಬರುವ ನುಸಿಪೀಡೆ, ಕಾಂಡ ಸೋರುವ ರೋಗ, ಗೊಬ್ಬರ, ನೀರು ಇವುಗಳ ಬಗ್ಗೆ ವಿಚಾರಿಸುವ ರೈತರು, ಆ ಮರವನ್ನು ಹತ್ತುವ ಮನುಷ್ಯನ ಮಂಡಿಯ ಬಗ್ಗೆ ವಿಚಾರಿಸುವುದು ಅಪರೂಪ. ಆ ಮಂಡಿ ಕೆಟ್ಟರೆ ಕಾಯಿ ಮರದಲ್ಲೇ ಉಳಿಯುತ್ತದೆ, ಒಂದು ಸಂಸಾರದ ದುಡಿಮೆ ನಿಲ್ಲುತ್ತದೆ.

ಈಚೆಗೆ ಔಷಧದ ಅಂಗಡಿಗಳಲ್ಲಿ, ಸಂತೆಗಳಲ್ಲಿ ಮಂಡಿಗೆ ಹಾಕುವ ನೀ ಕ್ಯಾಪು ಸುಲಭವಾಗಿ ಸಿಗುತ್ತದೆ. ಮಂಡಿ ಉಳುಕಿದೊಡನೆ ಒಂದನ್ನು ಕೊಂಡು ಹಾಕಿಕೊಂಡು ಮತ್ತೆ ಕೆಲಸಕ್ಕೆ ಇಳಿಯುವವರು ಉಂಟು. ನೀ ಕ್ಯಾಪು ಏನು ಮಾಡುತ್ತದೆ, ಏನು ಮಾಡಲಾರದು ಎಂಬುದನ್ನು ತಿಳಿದು ಕೊಳ್ಳುವುದು ಅಗತ್ಯ.

ಮಂಡಿಯ ರಚನೆ

ತೊಡೆಯ ಮೂಳೆಯೂ ಕಣಕಾಲಿನ ಮೂಳೆಯೂ ಕೂಡುವ ಕೀಲೇ ಮಂಡಿ. ಈ ಎರಡು ಮೂಳೆಗಳನ್ನು ನಾಲ್ಕು ಗಟ್ಟಿಯಾದ ನಾರಿನ ಪಟ್ಟಿಗಳು ಹಿಡಿದಿಟ್ಟಿರುತ್ತವೆ. ಒಳಮಗ್ಗುಲಿಗೆ ಒಂದು, ಹೊರಮಗ್ಗುಲಿಗೆ ಒಂದು, ಕೀಲಿನ ಒಳಗೆ ಒಂದನ್ನೊಂದು ಅಡ್ಡ ಹಾಯ್ದಿರುವ ಎರಡು. ಇವನ್ನೇ ಅಸ್ಥಿರಜ್ಜು ಅಥವಾ ಲಿಗಮೆಂಟ್ ಎನ್ನುವರು. ಮಗ್ಗುಲಿನವು ಮಂಡಿ ಪಕ್ಕಕ್ಕೆ ಬಾಗದಂತೆ ತಡೆಯುತ್ತವೆ. ಒಳಗಿನವು ಮೂಳೆ ಹಿಂದೆ ಮುಂದೆ ಜಾರದಂತೆ ಮತ್ತು ಮಿತಿಮೀರಿ ತಿರುಚದಂತೆ ನೋಡಿಕೊಳ್ಳುತ್ತವೆ. ನೇಗಿಲಿನ ಈಸಿಗೂ ನೊಗಕ್ಕೂ ಬಿಗಿದ ಮಿಣಿಯಂತೆ ಇವುಗಳ ಕೆಲಸ. ಮಿಣಿ ಹರಿದ ಮೇಲೆ ನೊಗದ ಮೇಲೆ ಬಟ್ಟೆ ಸುತ್ತಿದರೆ ನೇಗಿಲು ನಡೆಯದು.

ಪೆಟ್ಟಾಗುವ ಬಗೆ

ಪಾದ ನೆಲಕ್ಕೆ ಊರಿಕೊಂಡಿರುವಾಗ ಮೈ ತಿರುಗಿದರೆ ಒಳಗಿನ ಅಸ್ಥಿರಜ್ಜು ಹರಿಯಬಹುದು. ಹೊರಮಗ್ಗುಲಿನಿಂದ ಏಟು ಬಿದ್ದರೆ ಒಳಮಗ್ಗುಲಿನದು ಎಳೆಯುತ್ತದೆ. ತೋಟದಲ್ಲಿ ಇಂಥ ಸಂದರ್ಭಗಳು ಹಲವು. ಮರದಿಂದ ಇಳಿಯುವಾಗ ಕೊನೆಯ ನಾಲ್ಕೈದು ಅಡಿ ಧುಮುಕುವುದು, ಬಿದ್ದ ಕಾಯಿಯ ಮೇಲೆ ಇಲ್ಲವೇ ಒದ್ದೆ ಮಟ್ಟೆಯ ಮೇಲೆ ಕಾಲಿಡುವುದು, ಕಾಯಿ ತುಂಬಿದ ಚೀಲ ಹೊತ್ತು ಬದು ದಾಟುವಾಗ ತಟ್ಟನೆ ತಿರುಗುವುದು ಇವು ಮುಖ್ಯವಾದವು.

ಪೆಟ್ಟಾದಾಗ ಒಳಗೆ ‘ಟಕ್’ ಎಂದಂತಾಗಿ, ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಂಡರೆ ಅದು ಬರೀ ಉಳುಕಲ್ಲ. ಒಳಗೆ ರಕ್ತ ಸೇರಿರುವ ಸಂಭವ ಹೆಚ್ಚು. ಮುಂದೆ ನೋವು ಕಡಿಮೆಯಾದರೂ ನಡೆಯುವಾಗ ಮಂಡಿ ಒಮ್ಮೊಮ್ಮೆ ಹಿಡಿತ ತಪ್ಪಿ ಕುಸಿಯುವಂತಾಗುತ್ತದೆ. ಈ ಲಕ್ಷಣವನ್ನು ಎಂದಿಗೂ ಅಲಕ್ಷಿಸಬಾರದು.

ಮೊದಲ ಎರಡು ಮೂರು ದಿನ

ಕೆಲಸ ನಿಲ್ಲಿಸಿ ಕಾಲಿಗೆ ವಿಶ್ರಾಂತಿ ಕೊಡಬೇಕು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ, ದಿನಕ್ಕೆ ಕೆಲವು ಬಾರಿ ಇಡಬೇಕು. ಮಂಜುಗಡ್ಡೆ ಸಿಗದಿದ್ದರೆ ತಣ್ಣೀರಿನ ಬಟ್ಟೆಯಾದರೂ ಸರಿ. ಎಲಾಸ್ಟಿಕ್ ಪಟ್ಟಿಯನ್ನು ಹದವಾಗಿ ಸುತ್ತಿ ಕಾಲನ್ನು ದಿಂಬಿನ ಮೇಲೆ ಎತ್ತಿಡಬೇಕು. ಈ ಅವಧಿಯಲ್ಲಿ ಬಿಸಿ ಶಾಖ ಕೊಡುವುದು, ಎಣ್ಣೆ ಹಚ್ಚಿ ತಿಕ್ಕುವುದು, ಉಳುಕು ತೆಗೆಸುವೆವೆಂದು ಕಾಲನ್ನು ಎಳೆಸುವುದು ಕೂಡದು. ಇದರಿಂದ ಊತ ಹೆಚ್ಚುತ್ತದೆ, ಅರ್ಧ ಹರಿದದ್ದು ಪೂರ್ತಿ ಹರಿಯಬಹುದು.

ನಾಲ್ಕು ಹೆಜ್ಜೆ ನಡೆಯಲಾಗದವರು, ಕುರ್ಚಿಯಲ್ಲಿ ಕೂತಷ್ಟು ಮಂಡಿ ಮಡಿಸಲಾಗದವರು, ಮಂಡಿ ಚಿಪ್ಪಿನ ಮೇಲಾಗಲಿ ಹೊರಮಗ್ಗುಲಿನ ಮೂಳೆಯ ಮೇಲಾಗಲಿ ಒತ್ತಿದರೆ ನೋವಾಗುವವರು, 55 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರು ತಪ್ಪದೆ ವೈದ್ಯರಿಗೆ ತೋರಿಸಬೇಕು. ಇವರಿಗೆ ಎಕ್ಸ್‌ರೇ ಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಕಾಣುವುದೇ ಹೊರತು ಅಸ್ಥಿರಜ್ಜು ಕಾಣುವುದಿಲ್ಲ. ‘ಎಕ್ಸ್‌ರೇ ಸರಿಯಾಗಿದೆ’ ಎಂದ ಮಾತ್ರಕ್ಕೆ ಮಂಡಿ ಸರಿಯಾಗಿದೆ ಎಂದು ತಿಳಿಯಬಾರದು. ಮೂಳೆ ವೈದ್ಯರು ಕೈಯಿಂದ ಪರೀಕ್ಷಿಸಿ, ಬೇಕಾದರೆ ಎಂ.ಆರ್.ಐ. ಮಾಡಿಸಲು ಹೇಳುತ್ತಾರೆ.

ಮೂರು ಬಗೆಯ ಸಾಧನಗಳು

1. ಸಾದಾ ನೀ ಕ್ಯಾಪು: ಎಲಾಸ್ಟಿಕ್ ನೂಲಿನದು ಅಥವಾ ರಬ್ಬರಿನಂಥ ನಿಯೋಪ್ರಿನ್‌ನದು. ಇದು ಮಂಡಿಯನ್ನು ಬೆಚ್ಚಗಿಡುತ್ತದೆ, ಸಣ್ಣ ಊತವನ್ನು ತಗ್ಗಿಸುತ್ತದೆ, ಮಂಡಿ ಎಲ್ಲಿದೆ ಹೇಗೆ ಬಾಗಿದೆ ಎಂಬ ಅರಿವನ್ನು ಚರ್ಮದ ಮೂಲಕ ಕೊಡುತ್ತದೆ. ಸಣ್ಣ ಎಳೆತ, ಸವೆತದ ನೋವು ಇರುವವರಿಗೆ ಒಳ್ಳೆಯದು. ಆದರೆ ಮಂಡಿ ತಿರುಚುವುದನ್ನಾಗಲಿ ಪಕ್ಕಕ್ಕೆ ಬಾಗುವುದನ್ನಾಗಲಿ ಇದು ತಡೆಯಲಾರದು.

2. ತಿರುಗಣಿ ಇರುವ ನೀ ಬ್ರೇಸು: ಎರಡು ಮಗ್ಗುಲಿಗೂ ಲೋಹದ ಪಟ್ಟಿ ಮತ್ತು ತಿರುಗಣಿ ಇರುತ್ತದೆ. ಮಂಡಿ ಮಡಿಸಲು ಬರುತ್ತದೆ, ಪಕ್ಕಕ್ಕೆ ಬಾಗಲು ಬಿಡುವುದಿಲ್ಲ. ಒಳಮಗ್ಗುಲಿನ ಅಸ್ಥಿರಜ್ಜು ಭಾಗಶಃ ಹರಿದಾಗ ವೈದ್ಯರು ಸಾಮಾನ್ಯವಾಗಿ ಇದನ್ನು ಕೆಲವು ವಾರಗಳ ಮಟ್ಟಿಗೆ ಹಾಕಲು ಹೇಳುತ್ತಾರೆ. ಬೆಲೆ ಸಾದಾ ಕ್ಯಾಪಿಗಿಂತ ಹೆಚ್ಚು.

3. ಉದ್ದನೆಯ ಬ್ರೇಸು: ತೊಡೆಯಿಂದ ಕಣಕಾಲಿನವರೆಗೆ ಬರುತ್ತದೆ, ಮಂಡಿಯನ್ನು ನೇರವಾಗಿ ನಿಲ್ಲಿಸಿಬಿಡುತ್ತದೆ. ಹೊಸ ಪೆಟ್ಟಿಗೆ, ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಹೇಳಿದಷ್ಟು ದಿನ ಮಾತ್ರ. ಬಹಳ ದಿನ ಹಾಕಿದರೆ ಕೀಲು ಬಿಗಿಯುತ್ತದೆ, ತೊಡೆ ಸೊರಗುತ್ತದೆ.

ಒಳಮಗ್ಗುಲಿನ ಅಸ್ಥಿರಜ್ಜು ಬಹುಪಾಲು ತಾನಾಗಿ ಕೂಡಿಕೊಳ್ಳುತ್ತದೆ. ಒಳಗಿನ ಮುಂದಿನ ಅಡ್ಡರಜ್ಜು ಪೂರ್ತಿ ಹರಿದರೆ ಹಿಂದಿನಂತೆ ಕೂಡುವುದು ಕಡಿಮೆ. ಅದಕ್ಕೆ ತಿಂಗಳುಗಟ್ಟಲೆ ವ್ಯಾಯಾಮ, ಕೆಲವರಿಗೆ ಶಸ್ತ್ರಚಿಕಿತ್ಸೆ ಬೇಕು. ಶಸ್ತ್ರಚಿಕಿತ್ಸೆ ಹೇಳಿದಲ್ಲಿ, 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ನೆರವು ದೊರೆಯುವುದೇ ಎಂದು ಪಡಿತರ ಚೀಟಿ, ಆಧಾರ್ ಚೀಟಿಗಳೊಡನೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಬೇಕು.

ಅಳತೆ ಮತ್ತು ಬಳಕೆ

‘ಎಲ್ಲರಿಗೂ ಆಗುತ್ತದೆ’ ಎಂದು ಮಾರುವುದನ್ನು ಕೊಳ್ಳಬಾರದು. ನಿಂತು, ಕಾಲು ಸಡಿಲ ಬಿಟ್ಟು, ಟೇಪಿನಿಂದ ಚಿಪ್ಪಿನ ನಡುವಿನ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆಯಬೇಕು. ಕೆಲವು ತಯಾರಕರು ಚಿಪ್ಪಿನಿಂದ ಮೇಲಕ್ಕೆ ತೊಡೆಯ ಅಳತೆಯನ್ನೂ ಕೇಳುತ್ತಾರೆ. ಪೆಟ್ಟಿಗೆಯ ಮೇಲಿನ ಪಟ್ಟಿಗೆ ಈ ಅಳತೆ ಹೋಲಿಸಿಯೇ ಕೊಳ್ಳಬೇಕು. ಊತವಿರುವಾಗ ತೆಗೆದ ಅಳತೆ ಊತ ಇಳಿದ ಮೇಲೆ ಸಡಿಲವಾಗುತ್ತದೆ.

ಅಂಗಡಿಯಲ್ಲೇ ಹಾಕಿ ಹತ್ತು ಹೆಜ್ಜೆ ನಡೆದು, ಕೂತು ಎದ್ದು ನೋಡಬೇಕು. ಜಾರಿದರೆ ದೊಡ್ಡದಾಯಿತು. ಮಂಡಿಯ ಹಿಂದೆ ಸುಕ್ಕುಗಟ್ಟಿ ಒತ್ತಿದರೆ, ಪಾದ ಜುಮ್ಮೆಂದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದರೆ ಚಿಕ್ಕದಾಯಿತು. ಕೂಡಲೇ ತೆಗೆಯಬೇಕು. ಸಾದಾ ಕ್ಯಾಪನ್ನು ಮಲಗುವಾಗ ಹಾಕಬಾರದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕುಂದಿದವರು, ಕಾಲಿನ ರಕ್ತಸಂಚಾರ ಕಡಿಮೆಯಿರುವವರು, ಮೀನಖಂಡ ಊದಿ ನೋಯುತ್ತಿರುವವರು ವೈದ್ಯರನ್ನು ಕೇಳದೆ ಹಾಕಲೇಬಾರದು.

ನಮ್ಮ ಸೀಮೆಯ ಬಿಸಿಲು, ಕೆಮ್ಮಣ್ಣಿನ ಧೂಳು, ನಾರಿನ ಪುಡಿ ಇವು ಬೆವರಿನೊಡನೆ ಸೇರಿ ಚರ್ಮದಲ್ಲಿ ತುರಿಕೆ ಎಬ್ಬಿಸುತ್ತವೆ. ಕೆಲಸ ಮುಗಿದ ಮೇಲೆ ಕ್ಯಾಪನ್ನು ಸೋಪು ಹಾಕಿ ತಣ್ಣೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಅಂಟುಪಟ್ಟಿಗೆ ಹಿಡಿದ ನಾರನ್ನು ಹಳೆಯ ಬಾಚಣಿಗೆಯಿಂದ ತೆಗೆಯಬೇಕು. ಎಲಾಸ್ಟಿಕ್ ಸಡಿಲವಾದದ್ದು ಹಾಕಿಯೂ ಹಾಕದಂತೆ.

ತೊಡೆಯ ಬಲವೇ ನಿಜವಾದ ಆಧಾರ

ನೋವು ತಗ್ಗಿದ ಮೇಲೆ ವೈದ್ಯರ ಒಪ್ಪಿಗೆ ಪಡೆದು ಎರಡು ಸರಳ ವ್ಯಾಯಾಮ ಮಾಡಬಹುದು. ಕಾಲು ಚಾಚಿ ಕೂತು ಮಂಡಿಯ ಕೆಳಗೆ ಮಡಿಸಿದ ಟವೆಲು ಇಟ್ಟು, ತೊಡೆ ಬಿಗಿಮಾಡಿ 5 ಸೆಕೆಂಡು ಟವೆಲನ್ನು ಒತ್ತಿ ಬಿಡುವುದು ಮೊದಲನೆಯದು. ಅಂಗಾತ ಮಲಗಿ, ಕಾಲನ್ನು ನೇರವಾಗಿಯೇ ಒಂದು ಅಡಿಯಷ್ಟು ಎತ್ತಿ ನಿಧಾನವಾಗಿ ಇಳಿಸುವುದು ಎರಡನೆಯದು. ಒಂದೊಂದನ್ನು 10 ಸಲ, ದಿನಕ್ಕೆ ಎರಡು ಮೂರು ಬಾರಿ.

ಮತ್ತೆ ಮರ ಹತ್ತುವ ಮುನ್ನ

ಈ ವಿಷಯದಲ್ಲಿ ಅತಿ ಮುಖ್ಯವಾದ ಮಾತು ಇದು. ನೆಲದ ಮೇಲೆ ಕುಸಿಯುವ ಮಂಡಿ ಮರದ ಮೇಲೂ ಕುಸಿಯುತ್ತದೆ. ನೆಲದಲ್ಲಿ ಕುಸಿದರೆ ಮೈ ತರಚುತ್ತದೆ, 40 ಅಡಿ ಎತ್ತರದಲ್ಲಿ ಕುಸಿದರೆ ಪ್ರಾಣವೇ ಹೋಗಬಹುದು. ನೀ ಕ್ಯಾಪು ನೋವನ್ನು ಕಡಿಮೆ ಮಾಡಿ ಧೈರ್ಯ ಕೊಡುತ್ತದೆ, ಹಿಡಿತವನ್ನು ಕೊಡುವುದಿಲ್ಲ. ಕ್ಯಾಪಿನ ಧೈರ್ಯದಿಂದ ಮರ ಹತ್ತಬಾರದು. ಕ್ಯಾಪಿಲ್ಲದೆ ಒಂಟಿ ಕಾಲಿನಲ್ಲಿ ಅಲುಗದೆ ನಿಲ್ಲಲು, ಪೂರ್ತಿ ಕುಕ್ಕರಗಾಲಿನಲ್ಲಿ ಕೂತು ಏಳಲು, ಊತ ನೋವುಗಳಿಲ್ಲದೆ ಮೆಟ್ಟಿಲು ಹತ್ತಿ ಇಳಿಯಲು ಬಾರದವನು ಇನ್ನೂ ಮರಕ್ಕೆ ತಯಾರಿಲ್ಲ. ಇವೆಲ್ಲ ಬಂದ ಮೇಲೂ ಅಸ್ಥಿರಜ್ಜು ಹರಿದಿದ್ದವನು ವೈದ್ಯರು ಒಪ್ಪಿದ ನಂತರವೇ ಹತ್ತಬೇಕು.

ತೋಟದ ಯಜಮಾನರೂ ಅವಸರಪಡಬೇಕಾಗಿಲ್ಲ. ಎಳನೀರಿಗೆ ಕೊಡುವ ತೋಟದಲ್ಲಿ ದಿನ ತಪ್ಪಿದರೆ ನಷ್ಟವಾದೀತು. ಆದರೆ ಈ ಸೀಮೆಯ ಉಂಡೆ ಕೊಬ್ಬರಿಗೆ ಬೇಕಾದದ್ದು ಚೆನ್ನಾಗಿ ಬಲಿತ ಕಾಯಿ. ಅದು ಹೇಗೂ ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕೂರತಕ್ಕದ್ದು. ಕೊಯ್ಲು ಎರಡು ವಾರ ತಡವಾದರೆ ಕೊಬ್ಬರಿ ಕೆಡುವುದಿಲ್ಲ. ಮರದ ಕೆಳಗೆ ಜನ, ದನ ಸುಳಿಯದಂತೆ ನೋಡಿಕೊಂಡು, ಉದುರಿದ ಕಾಯಿಯನ್ನು ದಿನವೂ ಆರಿಸಿದರೆ ಸಾಕು. ಮಂಡಿ ನೊಂದವನಿಗೆ ಆ ದಿನಗಳಲ್ಲಿ ಕೂತು ಮಾಡುವ ಕೆಲಸ ಕೊಟ್ಟರೆ ಅವನ ಕೂಲಿಯೂ ತಪ್ಪುವುದಿಲ್ಲ.

ತೆಂಗು ಅಭಿವೃದ್ಧಿ ಮಂಡಳಿಯು 2011ರಿಂದ ‘ತೆಂಗಿನ ಮರದ ಸ್ನೇಹಿತರು’ ಎಂಬ ಹೆಸರಿನಲ್ಲಿ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿಯನ್ನು ಆರಂಭಿಸಿತು. ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ವಿಮಾ ಯೋಜನೆಯನ್ನೂ ಮಂಡಳಿ ತಂದಿದೆ. ಇವುಗಳ ಬಗ್ಗೆ ಮಂಡಳಿಯ ಬೆಂಗಳೂರು ಕಚೇರಿಯಲ್ಲಿ ಅಥವಾ ತಿಪಟೂರು ತಾಲ್ಲೂಕು ಕೊನೆಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಯಂತ್ರದಲ್ಲಿ ಹತ್ತುವಾಗಲೂ ಸುರಕ್ಷತಾ ಬೆಲ್ಟು ಕಟ್ಟಿಕೊಳ್ಳುವುದನ್ನು ಮರೆಯಬಾರದು.

ಒಟ್ಟಿನಲ್ಲಿ, ಪೆಟ್ಟು ಎಂಥದೆಂದು ಮೊದಲು ತಿಳಿದು, ಅದಕ್ಕೆ ತಕ್ಕ ಸಾಧನವನ್ನು ಅಳತೆ ನೋಡಿ ಕೊಂಡು, ತೊಡೆಗೆ ಬಲ ಬರುವವರೆಗೆ ಕಾಯುವುದೇ ಸರಿಯಾದ ಕ್ರಮ. ಈ ವರ್ಷ ಕೆಲವು ವಾರ ನೆಲದ ಮೇಲಿದ್ದವನು ಮುಂದಿನ ಹಲವು ವರ್ಷ ಮರ ಹತ್ತಬಲ್ಲನು.