ಲೋಕಾಪುರದ ಸುಣ್ಣಕಲ್ಲು, ಲಕ್ಷದ್ವೀಪದ ಹವಳ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಈ ಸೀಮೆಯಿಂದ ಸಮುದ್ರ ಬಹಳ ದೂರ. ಆದರೂ ಹವಳದ ವಿಚಾರ ಎತ್ತಿಕೊಳ್ಳಲು ಇದು ತಕ್ಕ ಜಾಗ, ಏಕೆಂದರೆ ಲೋಕಾಪುರದ ಸುತ್ತಮುತ್ತಲಿನ ಸುಣ್ಣಕಲ್ಲು ಮತ್ತು ಡೋಲೊಮೈಟ್ ಒಂದಾನೊಂದು ಕಾಲದ ಕಡಲ ತಳವೇ ಆಗಿತ್ತು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತು ಬರೆದ ಗ್ರಂಥದಲ್ಲಿ ಈ ಶಿಲೆಗಳನ್ನು ವಿವರಿಸಿದ್ದಾನೆ. ಹತ್ತಿರದ ಕಲಾದಗಿ ಊರಿನ ಹೆಸರಿನಿಂದಲೇ ಭೂವಿಜ್ಞಾನಿಗಳು ಇವನ್ನು ಕರೆಯುತ್ತಾರೆ. ಇವುಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಆಗ ಹವಳವೂ ಹುಟ್ಟಿರಲಿಲ್ಲ, ಮೀನೂ ಹುಟ್ಟಿರಲಿಲ್ಲ. ಆಳವಿಲ್ಲದ ನೀರಿನಲ್ಲಿ ಸಯನೋಬ್ಯಾಕ್ಟೀರಿಯಾಗಳು ಹಾಸು ಹಾಸಾಗಿ ಬೆಳೆದವು. ಅವುಗಳ ಮೇಲೆ ಸುಣ್ಣ ಕೂತು, ಪದರದ ಮೇಲೆ ಪದರವೇರಿ ಸ್ಟ್ರೊಮ್ಯಾಟೊಲೈಟುಗಳಾದವು. ಜೀವಿಗಳು ಸಮುದ್ರದ ನೀರಿನಿಂದ ಸುಣ್ಣ ಕಟ್ಟುವ ಕೆಲಸಕ್ಕೆ ಅಷ್ಟು ಹಳೆಯ ಸಾಕ್ಷಿ ಈ ನೆಲದಲ್ಲಿದೆ. ಅದೇ ಕೆಲಸವನ್ನು ಇಂದು ಲಕ್ಷದ್ವೀಪದಲ್ಲಿ, ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಅಂಚಿನಲ್ಲಿ ಹವಳಗಳು ಮಾಡುತ್ತಿವೆ. ನಾನು ಇಲ್ಲಿ ಮಂಡಿಸುವ ವಾದ ಒಂದೇ: ಹವಳಕ್ಕೆ ಬಂದಿರುವ ಕುತ್ತಿನ ಮೂಲ ಗಾಳಿಯಲ್ಲಿ ಎಷ್ಟು ಇಂಗಾಲವಿದೆ ಎಂಬುದಕ್ಕಿಂತ ಅದು ಎಷ್ಟು ಬೇಗ ಏರುತ್ತಿದೆ ಎಂಬುದರಲ್ಲಿದೆ, ಇದಕ್ಕೆ ಬೇಕಾದ ಪುರಾವೆಯಲ್ಲಿ ಬಹುಪಾಲನ್ನು ಹವಳವೇ ತನ್ನ ಮೈಯಲ್ಲಿ ಬರೆದಿಟ್ಟಿದೆ.

ಮೊದಲು ರಸಾಯನವನ್ನು ನೋಡೋಣ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 280 ಇಂಗಾಲದ ಡೈಆಕ್ಸೈಡಿನವು. ಈಗ ಅವು 420ನ್ನು ದಾಟಿವೆ. ನಾವು ಹೊರಬಿಟ್ಟದ್ದರಲ್ಲಿ ಸುಮಾರು ನಾಲ್ಕನೇ ಒಂದು ಪಾಲನ್ನು ಸಮುದ್ರ ಕುಡಿಯುತ್ತದೆ. ನೀರಿಗೆ ಸೇರಿದ ಅನಿಲ ಕಾರ್ಬಾನಿಕ್ ಆಮ್ಲವಾಗಿ ಹೈಡ್ರೋಜನ್ ಅಯಾನುಗಳನ್ನು ಬಿಡುತ್ತದೆ, ಅವು ನೀರಿನಲ್ಲಿರುವ ಕಾರ್ಬೊನೇಟ್ ಅಯಾನುಗಳನ್ನು ಹಿಡಿದು ಬೈಕಾರ್ಬೊನೇಟ್ ಆಗಿಸುತ್ತವೆ. ಹವಳಕ್ಕೆ ಗೂಡು ಕಟ್ಟಲು ಬೇಕಾದದ್ದು ಆ ಕಾರ್ಬೊನೇಟೇ. ಮನೆ ಕಟ್ಟುವವನಿಗೆ ಗೌಂಡಿ ಇದ್ದಾನೆ, ನೀರು ಇದೆ, ಇಟ್ಟಂಗಿ ಮಾತ್ರ ದಿನದಿನಕ್ಕೆ ಕಡಿಮೆ ಬರುತ್ತಿದೆ ಎಂದಂತೆ. ಆದರೆ ಹವಳ ಸುಮ್ಮನೆ ಕೂರುವುದಿಲ್ಲ. ತನ್ನ ಮೃದು ದೇಹಕ್ಕೂ ಕಲ್ಲಿನ ಗೂಡಿಗೂ ನಡುವಿನ ಕಿರಿದಾದ ಜಾಗದಿಂದ ಹೈಡ್ರೋಜನ್ ಅಯಾನುಗಳನ್ನು ಹೊರದೂಡುತ್ತದೆ, ಅಲ್ಲಿನ ದ್ರವವನ್ನು ಹೊರಗಿನ ಸಮುದ್ರಕ್ಕಿಂತ ಹೆಚ್ಚು ಕ್ಷಾರೀಯವಾಗಿ ಇಟ್ಟುಕೊಂಡು ಅಲ್ಲಿ ಅರಗೊನೈಟ್ ಎಂಬ ಸುಣ್ಣದ ಹರಳನ್ನು ಬೆಳೆಸುತ್ತದೆ. ಈ ದೂಡುವಿಕೆಗೆ ಶಕ್ತಿ ಬೇಕು. ಶಕ್ತಿಯ ಬಹುಪಾಲು ಬರುವುದು ಅದರ ಅಂಗಾಂಶದೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ತಯಾರಿಸಿದ ಆಹಾರದಿಂದ. ಹೊರಗಿನ ನೀರು ಆಮ್ಲದ ಕಡೆಗೆ ಸರಿದಷ್ಟೂ ಅದೇ ಒಂದು ಪದರ ಕಟ್ಟಲು ಹವಳ ಹೆಚ್ಚು ಖರ್ಚು ಮಾಡಬೇಕು.

ಇಲ್ಲೊಂದು ಆಕ್ಷೇಪ ಬರುತ್ತದೆ: ಸಮುದ್ರದ ಪಿಎಚ್ 8.2ರಿಂದ 8.1ರ ಹತ್ತಿರಕ್ಕೆ ಇಳಿದರೆ ಅದೇನು ದೊಡ್ಡದು, ನೀರು ಈಗಲೂ ಕ್ಷಾರೀಯವೇ ಅಲ್ಲವೇ? ಕ್ಷಾರೀಯವೆಂಬುದು ನಿಜ. ಆದರೆ ಈ ಅಳತೆಗೋಲು ಹತ್ತರ ಘಾತದಲ್ಲಿ ಏರಿಳಿಯುತ್ತದೆ, 0.1ರ ಇಳಿತವೆಂದರೆ ಹೈಡ್ರೋಜನ್ ಅಯಾನುಗಳು ಶೇಕಡಾ 25ಕ್ಕೂ ಹೆಚ್ಚಾದವು ಎಂದರ್ಥ. ಇದರ ಪರಿಣಾಮವನ್ನು ಗಾಜಿನ ತೊಟ್ಟಿಯಲ್ಲಷ್ಟೇ ನೋಡಿಲ್ಲ. ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದ ಹವಳ ದಿಬ್ಬದ ಮೇಲೆ ಹರಿಯುವ ನೀರಿಗೆ ಕ್ಷಾರ ಬೆರೆಸಿ, ಕೈಗಾರಿಕಾ ಯುಗಕ್ಕೆ ಹಿಂದಿನ ಸ್ಥಿತಿಗೆ ತಂದು ಮಾಡಿದ ಪ್ರಯೋಗದ ಫಲಿತಾಂಶ 2016ರಲ್ಲಿ ಪ್ರಕಟವಾಯಿತು: ಸುಣ್ಣ ಕಟ್ಟುವಿಕೆ ಸುಮಾರು ಶೇಕಡಾ 7ರಷ್ಟು ಹೆಚ್ಚಿತ್ತು. ಅಷ್ಟನ್ನು ದಿಬ್ಬ ಆಗಲೇ ಕಳೆದುಕೊಂಡಿತ್ತು ಎಂದೇ ಅದರ ತಾತ್ಪರ್ಯ. ಪಾಪುವಾ ನ್ಯೂಗಿನಿಯಲ್ಲಿ ಜ್ವಾಲಾಮುಖಿಯ ಇಂಗಾಲದ ಡೈಆಕ್ಸೈಡ್ ಕಡಲ ತಳದಿಂದ ಗುಳ್ಳೆಗುಳ್ಳೆಯಾಗಿ ಏಳುವ ತಾಣಗಳಿವೆ. ಅಲ್ಲಿ ಕೊಂಬೆಕೊಂಬೆಯಾಗಿ ಬೆಳೆಯುವ ಹವಳಗಳು ವಿರಳವಾಗಿ, ಗುಂಡಾಗಿ ಬೆಳೆಯುವ ಪೊರೈಟಿಸ್ ಜಾತಿ ಉಳಿದುಕೊಂಡಿದೆ, ಪಿಎಚ್ 7.7ಕ್ಕಿಂತ ಕೆಳಗಿಳಿದ ಕಡೆ ದಿಬ್ಬವೇ ಕಟ್ಟಿಕೊಳ್ಳುವುದಿಲ್ಲ. ಎಲ್ಲ ಹವಳವೂ ಒಂದೇ ಬಗೆಯಲ್ಲಿ ಸಾಯುತ್ತದೆಂದು ಹೇಳುವವರು ಈ ಸಾಕ್ಷ್ಯವನ್ನು ಗಮನಿಸಬೇಕು. ಏನೂ ಆಗದು ಎನ್ನುವವರೂ ಗಮನಿಸಬೇಕು.

ಪೊರೈಟಿಸ್ ಉಳಿಯುವುದು ವಿಜ್ಞಾನಕ್ಕೆ ಮುಖ್ಯ, ಏಕೆಂದರೆ ಹಳೆಯ ಹವಾಮಾನವನ್ನು ನಮಗೆ ಹೇಳುವುದು ಹೆಚ್ಚಾಗಿ ಅದೇ. ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರಿನಂತೆ ಅದು ಬೆಳೆಯುತ್ತದೆ. ಉದ್ದನೆಯ ತಿರುಳನ್ನು ಕೊರೆದು ತೆಗೆದು ಕ್ಷಕಿರಣದಲ್ಲಿ ನೋಡಿದರೆ ದಟ್ಟ, ವಿರಳ ಪಟ್ಟೆಗಳು ಕಾಣುತ್ತವೆ. ಒಂದು ಜೋಡಿ ಪಟ್ಟೆಗೆ ಒಂದು ವರ್ಷ. ಈ ಲೆಕ್ಕ ಸರಿಯೇ ಎಂಬ ಸಂದೇಹಕ್ಕೆ ಉತ್ತರ ಸಿಕ್ಕಿದ್ದು ಪೆಸಿಫಿಕ್ಕಿನ ಎನೆವೆಟಾಕ್ ದ್ವೀಪದಲ್ಲಿ. ಅಲ್ಲಿ ಅಣುಬಾಂಬ್ ಪರೀಕ್ಷೆ ನಡೆದ ವರ್ಷಗಳು ಗೊತ್ತಿದ್ದವು, ವಿಕಿರಣದ ಗುರುತು ಹವಳದ ಯಾವ ಪಟ್ಟೆಯಲ್ಲಿದೆ ಎಂಬುದೂ ಗೊತ್ತಾಯಿತು, ಎರಡೂ ತಾಳೆಯಾದವು; 1972ರಲ್ಲಿ ಅದು ಪ್ರಕಟವಾಯಿತು. ಇನ್ನೂ ಹಿಂದಕ್ಕೆ, 1963ರಲ್ಲಿ ಜಾನ್ ವೆಲ್ಸ್ ಎಂಬ ವಿದ್ವಾಂಸ ಡೆವೋನಿಯನ್ ಯುಗದ ಹವಳದ ಪಳೆಯುಳಿಕೆಗಳ ಮೇಲಿನ ದಿನದ ಗೆರೆಗಳನ್ನು ಎಣಿಸಿ, ಆಗ ವರ್ಷಕ್ಕೆ ಸುಮಾರು 400 ದಿನಗಳಿದ್ದವೆಂದು ತೋರಿಸಿದ. ಭೂಮಿ ತನ್ನ ಸುತ್ತ ತಿರುಗುವ ವೇಗ ಕಡಿಮೆಯಾಗುತ್ತ ಬಂದಿದೆ ಎಂದು ಖಗೋಳಶಾಸ್ತ್ರ ಹೇಳುತ್ತಿದ್ದ ಮಾತಿಗೆ ಒಂದು ಜೀವಿಯ ಮೈಮೇಲಿನ ಗೆರೆ ಸಾಕ್ಷಿ ನುಡಿದದ್ದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ಪಟ್ಟೆ ಕಾಲವನ್ನು ಹೇಳಿದರೆ, ಅದರೊಳಗಿನ ಧಾತುಗಳು ಕಾಲದ ಗುಣವನ್ನು ಹೇಳುತ್ತವೆ. ನೀರು ಬೆಚ್ಚಗಾದಾಗ ಗೂಡಿನಲ್ಲಿ ಭಾರದ ಆಮ್ಲಜನಕ ಕಡಿಮೆಯಾಗುತ್ತದೆ, ಸ್ಟ್ರಾಂಷಿಯಂ ಕೂಡ ಕಡಿಮೆಯಾಗುತ್ತದೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಸುಪ್ರಿಯೊ ಚಕ್ರವರ್ತಿ ಮತ್ತು ಆರ್. ರಮೇಶ್ ಲಕ್ಷದ್ವೀಪದ ಹವಳಗಳ ಆಮ್ಲಜನಕವನ್ನು ಅಳೆದು, ಮುಂಗಾರು ಬಂದಾಗ ಅರಬ್ಬೀ ಸಮುದ್ರದ ಮೇಲ್ಮೈ ತಂಪಾಗುವುದು ಅದರಲ್ಲಿ ದಾಖಲಾಗಿದೆ ಎಂದು 1993ರಲ್ಲಿ ತೋರಿಸಿದರು. ಕೃಷ್ಣೆಗೆ, ಘಟಪ್ರಭೆಗೆ ನೀರು ತುಂಬುವುದು ಅದೇ ಮುಂಗಾರು. 2005ರಲ್ಲಿ, 2019ರ ಆಗಸ್ಟಿನಲ್ಲಿ ಈ ಸೀಮೆಯ ಹೊಲಗದ್ದೆಗಳನ್ನು ಮುಳುಗಿಸಿದ ನೀರೂ ಘಟ್ಟದ ಮೇಲೆ ಸುರಿದ ಅದರದೇ ಮಳೆ. ಭಾರತೀಯ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದಕ್ಕೂ ಹಿಂದಿನ ಕಡಲಿನ ಸ್ಥಿತಿ ತಿಳಿಯಬೇಕಾದರೆ ಹವಳದಂಥ ದಾಖಲೆಯನ್ನೇ ಕೇಳಬೇಕು. ದಾಖಲೆಯ ಭಾಷೆ ಸಲೀಸಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಆಮ್ಲಜನಕದ ಅಂಕಿಯಲ್ಲಿ ಶಾಖ, ಉಪ್ಪಿನಂಶ ಎರಡೂ ಬೆರೆತಿರುತ್ತವೆ. ಆದ್ದರಿಂದಲೇ ಸ್ಟ್ರಾಂಷಿಯಂ ಜತೆಗಿಟ್ಟು ಬಿಡಿಸಬೇಕಾಗುತ್ತದೆ. ಬೋರಾನ್ ಐಸೊಟೋಪು ಪಿಎಚ್ ಹೇಳುತ್ತದೆ, ಆದರೆ ಅದು ಹವಳ ತಾನೇ ಸರಿಪಡಿಸಿಕೊಂಡ ಒಳಗಿನ ದ್ರವದ ಪಿಎಚ್. ಹೊರಗಿನ ಸಮುದ್ರದ್ದನ್ನು ಅದರಿಂದ ಲೆಕ್ಕ ಹಾಕಿಯೇ ತೆಗೆಯಬೇಕು. ಒಂದು ಅಂಕಿ ಮಾತ್ರ ಹೆಚ್ಚು ನೇರವಾಗಿದೆ. ಕಲ್ಲಿದ್ದಲು, ಪೆಟ್ರೋಲಿಯಂ ಹಳೆಯ ಸಸ್ಯ, ಪಾಚಿಗಳಿಂದ ಬಂದವು, ಅವುಗಳಲ್ಲಿ ಇಂಗಾಲ-13 ಕಡಿಮೆ. ಲೋಕದ ಹಲವು ಕಡೆಯ ಹವಳಗಳಲ್ಲಿ ಇಪ್ಪತ್ತನೇ ಶತಮಾನದುದ್ದಕ್ಕೂ ಇಂಗಾಲ-13 ಇಳಿಯುತ್ತ ಬಂದಿದೆ. ಸಮುದ್ರ ಕುಡಿದದ್ದು ನಾವು ಸುಟ್ಟ ಇಂಧನದ ಹೊಗೆಯನ್ನೇ.

ಈಗ ಎಲ್ಲಕ್ಕಿಂತ ಬಲವಾದ ಆಕ್ಷೇಪ. ಭೂಮಿಯ ಗಾಳಿಯಲ್ಲಿ ಇಂದಿಗಿಂತ ಎಷ್ಟೋ ಹೆಚ್ಚು ಇಂಗಾಲವಿದ್ದ ಯುಗಗಳಲ್ಲೂ ಸುಣ್ಣಕಲ್ಲು ಬೆಳೆಯಿತು, ಡೈನೋಸಾರ್‌ಗಳ ಕಾಲದಲ್ಲೂ ಹವಳದ ದಿಬ್ಬಗಳಿದ್ದವು. ಹಾಗಿದ್ದರೆ ಈಗೇಕೆ ಹೆದರಬೇಕು? ಉತ್ತರ ಈ ಸೀಮೆಯ ಎರೆಮಣ್ಣಿನಲ್ಲೇ ಇದೆ. ಜಮಖಂಡಿಯಿಂದ ಬಡಗಣಕ್ಕೆ ಹರಡಿದ ಕಪ್ಪು ಕಲ್ಲು ದಖ್ಖನ್ನಿನ ಲಾವಾ. ಗಾಳಿಯ ಇಂಗಾಲವನ್ನು ಹೀರಿದ ಮಳೆನೀರು ಆ ಕಲ್ಲನ್ನು ಕರಗಿಸಿ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟನ್ನು ಬಿಡಿಸುತ್ತದೆ. ಒಂದಷ್ಟು ಎರೆಯಲ್ಲೇ ಸುಣ್ಣದ ಹರಳಾಗಿ ನಿಲ್ಲುತ್ತದೆ, ಉಳಿದದ್ದನ್ನು ಕೃಷ್ಣೆ ಬಂಗಾಳ ಕೊಲ್ಲಿಗೆ ಒಯ್ಯುತ್ತದೆ. ಲೋಕದ ಎಲ್ಲ ನದಿಗಳೂ ಹೀಗೆ ಕಡಲಿಗೆ ಕ್ಷಾರ ಹೊರುತ್ತಿರುವುದರಿಂದ, ಇಂಗಾಲ ನಿಧಾನವಾಗಿ ಏರಿದರೆ ಪಿಎಚ್ ಕೆಳಗಿದ್ದರೂ ಕಾರ್ಬೊನೇಟ್ ಸಾಕಷ್ಟು ಉಳಿಯುತ್ತದೆ. ಆದರೆ ಈ ಸರಿದೂಗಿಕೆಗೆ ಹತ್ತಾರು ಸಾವಿರ ವರ್ಷ ಬೇಕು. ನಾವು ಕೊಟ್ಟಿರುವುದು ಇನ್ನೂರು ವರ್ಷ. ಸುಮಾರು 5.6 ಕೋಟಿ ವರ್ಷಗಳ ಹಿಂದೆ ಕೆಲವು ಸಾವಿರ ವರ್ಷಗಳಲ್ಲಿ ಭಾರೀ ಇಂಗಾಲ ಹೊರಬಂದಾಗ ಆಳದ ಕಡಲ ತಳದ ಸುಣ್ಣ ಕರಗಿತು, ಟೆಥಿಸ್ ಸಮುದ್ರದ ಹವಳ ದಿಬ್ಬಗಳು ಹಿಂದೆ ಸರಿದವು, ಸ್ಥಿತಿ ಮರಳಲು ಲಕ್ಷಕ್ಕೂ ಹೆಚ್ಚು ವರ್ಷ ಹಿಡಿಯಿತು. ಈಗಿನ ವೇಗ ಅದಕ್ಕಿಂತಲೂ ಹಲವು ಪಟ್ಟು. ಸುಣ್ಣಕಲ್ಲು ಸುಡುವ ಸಿಮೆಂಟ್ ಗೂಡುಗಳೂ ಇದಕ್ಕೆ ಸೇರುತ್ತವೆ: ನೂರು ಕಿಲೋ ಶುದ್ಧ ಸುಣ್ಣಕಲ್ಲು 56 ಕಿಲೋ ಸುಣ್ಣ ಕೊಟ್ಟು 44 ಕಿಲೋ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆ, ಉರುವಲಿನ ಹೊಗೆ ಬೇರೆ. ಲೋಕಾಪುರದ ಕಲ್ಲು ಕಡಲಿನಿಂದ ಪಡೆದು ನೂರು ಕೋಟಿ ವರ್ಷ ಹಿಡಿದಿಟ್ಟ ಇಂಗಾಲ ಗೂಡಿನೊಳಗೆ ಕೆಲವೇ ಗಳಿಗೆಯಲ್ಲಿ ಗಾಳಿಗೆ ಮರಳುತ್ತದೆ.

ಹವಳವನ್ನು ಕೊಲ್ಲುತ್ತಿರುವುದು ಆಮ್ಲವಲ್ಲ, ಶಾಖ ಎಂದು ಹೇಳುವವರೂ ಇದ್ದಾರೆ. ಸದ್ಯಕ್ಕೆ ಅವರ ಮಾತು ಬಹುಪಾಲು ಸರಿ. 1998, 2010, 2016ರ ಬಿಸಿ ಅಲೆಗಳಲ್ಲಿ ಲಕ್ಷದ್ವೀಪದ ಹವಳಗಳು ಪಾಚಿಯನ್ನು ಹೊರಹಾಕಿ ಬಿಳಿಚಿಕೊಂಡು ಸತ್ತವು. ಆದರೆ ಎರಡೂ ಏಟು ಬೀಳುವುದು ಒಂದೇ ಕಡೆ: ಶಾಖ ಪಾಚಿಯನ್ನು ಓಡಿಸಿ ಶಕ್ತಿಯ ಆದಾಯ ನಿಲ್ಲಿಸುತ್ತದೆ, ಆಮ್ಲ ಗೂಡು ಕಟ್ಟುವ ಖರ್ಚು ಏರಿಸುತ್ತದೆ. ಬಿಸಿ ಅಲೆಯ ನಂತರ ಹವಳ ಮತ್ತೆ ಬೆಳೆಯಬೇಕಾದ ಹೊತ್ತಿನಲ್ಲೇ ಈ ಎರಡನೆಯದು ಕಾಡುತ್ತದೆ. ದಾಖಲೆಯ ವಿಷಯದಲ್ಲಿ ಹಾನಿ ಇನ್ನೂ ನೇರ. ಸತ್ತ ಹವಳ ಬರೆಯುವುದನ್ನು ನಿಲ್ಲಿಸುತ್ತದೆ; ಸ್ಪಂಜು, ಹುಳುಗಳು ಅದರ ಮೇಲ್ಪದರವನ್ನು ಕೊರೆದು ತಿನ್ನುತ್ತವೆ, ಆಮ್ಲ ಹೆಚ್ಚಿದ ನೀರಿನಲ್ಲಿ ಈ ಕೊರೆತವೂ ಚುರುಕಾಗುತ್ತದೆ. ಮೊದಲು ಅಳಿಸಿಹೋಗುವುದು ತೀರಾ ಈಚಿನ ವರ್ಷಗಳ ಪಟ್ಟೆ, ಅಂದರೆ ಉಪಕರಣಗಳ ಅಳತೆಯೊಡನೆ ತಾಳೆ ನೋಡಿ ಹಳೆಯ ಪಟ್ಟೆಗಳನ್ನು ಓದಲು ಕೀಲಿಯಾಗುವ ಭಾಗ. ಆದ್ದರಿಂದ ಲಕ್ಷದ್ವೀಪದ ದೊಡ್ಡ ಪೊರೈಟಿಸ್‌ಗಳ ತಿರುಳನ್ನು ಅವು ಬದುಕಿರುವಾಗಲೇ ತೆಗೆದು, ಕೊರೆದ ಕಿಂಡಿಯನ್ನು ಮುಚ್ಚಿ ಹವಳ ಮತ್ತೆ ಬೆಳೆಯಲು ಬಿಟ್ಟು, ಆಮ್ಲಜನಕ, ಸ್ಟ್ರಾಂಷಿಯಂ, ಬೋರಾನ್ ಮೂರನ್ನೂ ಒಟ್ಟಿಗೆ ಅಳೆಯುವ ಕೆಲಸಕ್ಕೆ ನಮ್ಮ ದೇಶ ಹಣ ತೆಗೆದಿಡಬೇಕು. ಮುಂಗಾರಿನ ಸ್ವಭಾವ ಬದಲಾಗಿದೆಯೇ ಎಂದು ಕೃಷ್ಣಾ ದಂಡೆಯ ರೈತ ಕೇಳಿದರೆ ಕೊಡಬೇಕಾದ ಉತ್ತರದ ಒಂದು ಪಾಲು ಆ ತಿರುಳುಗಳಲ್ಲಿದೆ.